ನರ್ಸಿಂಗ್ ಕಾಲೇಜು ಆರಿಸುವುದು ಹೇಗೆ? ಅಮೆರಿಕದಲ್ಲಿ ಓದುವವರು ನೋಡಬೇಕಾದ ಮೂರು ಮುದ್ರೆಗಳು

ಕಾಲೇಜಿನ ಜಾಹೀರಾತಿನಲ್ಲಿ 'ಮಾನ್ಯತೆ ಪಡೆದ ಸಂಸ್ಥೆ' ಎಂದು ದಪ್ಪಕ್ಷರದಲ್ಲಿದ್ದರೆ ಸಾಲದು. ಯಾರು ಕೊಟ್ಟ ಮಾನ್ಯತೆ, ಯಾವ ಕೋರ್ಸಿಗೆ ಎಂದು ಕೇಳಲೇಬೇಕು. ಅಮೆರಿಕದಲ್ಲಿ ನರ್ಸಿಂಗ್ ಶಿಕ್ಷಣಕ್ಕೆ ಮೂರು ಬಗೆಯ ಮುದ್ರೆಗಳಿವೆ. ಒಂದಿದೆ ಎಂದ ಮಾತ್ರಕ್ಕೆ ಉಳಿದೆರಡೂ ಇವೆ ಎಂದಲ್ಲ.

ಮೊದಲು ರಾಜ್ಯದ ಬೋರ್ಡ್. ನರ್ಸ್‌ಗಳಿಗೆ ಲೈಸೆನ್ಸ್ ಕೊಡುವ ಪ್ರತಿ ರಾಜ್ಯದ ನರ್ಸಿಂಗ್ ಬೋರ್ಡ್ ತಾನು ಅನುಮೋದಿಸಿದ ಕೋರ್ಸ್‌ಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಅದರಲ್ಲಿ ಹೆಸರಿಲ್ಲದ ಕೋರ್ಸ್ ಮುಗಿಸಿದರೆ ಲೈಸೆನ್ಸ್ ಪರೀಕ್ಷೆಯಾದ ಎನ್‌ಕ್ಲೆಕ್ಸ್‌ಗೆ ಕೂರುವುದೇ ಕಷ್ಟ. ಇದೊಂದು ಇಲ್ಲದಿದ್ದರೆ ಮುಂದಿನದನ್ನು ನೋಡುವ ಅಗತ್ಯವೇ ಇಲ್ಲ.

ಎರಡನೆಯದು ಇಡೀ ಕಾಲೇಜಿನ ಮಾನ್ಯತೆ. ಫೆಡರಲ್ ಶಿಕ್ಷಣ ಇಲಾಖೆ ಒಪ್ಪಿದ ಏಜೆನ್ಸಿಯಿಂದ ಇದು ಬಂದಿರಬೇಕು. ಇಲ್ಲದಿದ್ದರೆ ಸರ್ಕಾರದ ವಿದ್ಯಾರ್ಥಿ ಸಾಲ, ಅನುದಾನ ಸಿಗುವುದಿಲ್ಲ.

ಮೂರನೆಯದು ನರ್ಸಿಂಗ್ ಕೋರ್ಸಿನದೇ ಮಾನ್ಯತೆ. ಗೊಂದಲವೆಲ್ಲ ಇಲ್ಲಿಯೇ. ಇದನ್ನು ಕೊಡುವ ಏಜೆನ್ಸಿಗಳಲ್ಲಿ ಎಸಿಇಎನ್ ಮತ್ತು ಸಿಸಿಎನ್‌ಇ ಪ್ರಮುಖವಾದವು. ಎಸಿಇಎನ್ ಆರಂಭಿಕ ಹಂತದ ಪ್ರಾಕ್ಟಿಕಲ್ ನರ್ಸಿಂಗ್‌ನಿಂದ ಡಾಕ್ಟರೇಟ್‌ವರೆಗೆ ಎಲ್ಲ ಹಂತಗಳನ್ನೂ ಪರಿಶೀಲಿಸುತ್ತದೆ. ಸಿಸಿಎನ್‌ಇ ನೋಡುವುದು ಬ್ಯಾಚುಲರ್ ಮತ್ತು ಅದಕ್ಕಿಂತ ಮೇಲಿನ ಪದವಿಗಳನ್ನು. ಹಾಗಾಗಿ ಬ್ಯಾಚುಲರ್‌ಗಿಂತ ಕೆಳಗಿನ ಅಸೋಸಿಯೇಟ್ ಡಿಗ್ರಿಗೆ ಸಿಸಿಎನ್‌ಇ ಮಾನ್ಯತೆ ಇದೆ ಎಂದು ಯಾರಾದರೂ ಹೇಳಿದರೆ ಅಲ್ಲೇ ಅನುಮಾನಪಡಿ. ಅದೇ ಕಾಲೇಜಿನ ಬೇರೊಂದು ಕೋರ್ಸಿಗೆ ಸಿಕ್ಕಿದ್ದನ್ನು ಇದಕ್ಕೂ ಅಂಟಿಸಿರಬಹುದು.

ಹಲವು ರಾಜ್ಯಗಳಲ್ಲಿ ಈ ಮೂರನೆಯ ಮುದ್ರೆ ಕಡ್ಡಾಯವಲ್ಲ. ಅದಿಲ್ಲದೆಯೂ ಲೈಸೆನ್ಸ್ ಸಿಗುತ್ತದೆ. ಹಾಗಾದರೆ ಬೇಕೇ? ಬೇಕು ಎಂದೇ ನಮ್ಮ ಸಲಹೆ. ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗಳು ನೇಮಕಾತಿಯಲ್ಲಿ ಸಾಮಾನ್ಯವಾಗಿ ಇದನ್ನು ಕೇಳುತ್ತವೆ. ಮುಂದೆ ಬಿಎಸ್‌ಎನ್ (ನರ್ಸಿಂಗ್ ಬ್ಯಾಚುಲರ್ ಪದವಿ) ಅಥವಾ ಮಾಸ್ಟರ್ಸ್‌ಗೆ ಹೋದಾಗ ಎಷ್ಟೋ ಕಾಲೇಜುಗಳು ಮಾನ್ಯತೆಯಿಲ್ಲದ ಪದವಿಯನ್ನು ಪರಿಗಣಿಸುವುದಿಲ್ಲ. ಓದಿದ್ದನ್ನೇ ದುಡ್ಡು ಕೊಟ್ಟು ಮತ್ತೆ ಓದಬೇಕಾದೀತು.

ಮಾನ್ಯತೆಯನ್ನು ಏಜೆನ್ಸಿಯ ಸ್ವಂತ ವೆಬ್‌ಸೈಟಿನಲ್ಲೇ ಹುಡುಕಿ. ಪದವಿಯ ಹೆಸರು, ಕ್ಯಾಂಪಸ್, ಈಗಿನ ಸ್ಥಿತಿ, ಮುಂದಿನ ಪರಿಶೀಲನೆಯ ದಿನಾಂಕ ನಾಲ್ಕನ್ನೂ ತಾಳೆ ನೋಡಿ. 'ಕ್ಯಾಂಡಿಡೇಟ್' ಎಂದಿದ್ದರೆ ಮಾನ್ಯತೆಯ ಪ್ರಕ್ರಿಯೆ ನಡೆಯುತ್ತಿದೆ ಎಂದಷ್ಟೇ ತಿಳಿಯಿರಿ, ಮಾನ್ಯತೆ ಇನ್ನೂ ಬಂದಿಲ್ಲ. 'ವಾರ್ನಿಂಗ್' ಎಂದಿದ್ದರೆ ಯಾವ ಕೊರತೆಗಾಗಿ ಎಂದು ಕಾಲೇಜಿನವರನ್ನೇ ನೇರವಾಗಿ ಕೇಳಿ.

ನಂತರ ಫಲಿತಾಂಶ. ಎನ್‌ಕ್ಲೆಕ್ಸ್‌ನಲ್ಲಿ ಮೊದಲ ಯತ್ನದಲ್ಲೇ ಪಾಸಾದವರ ಶೇಕಡಾವಾರು ಲೆಕ್ಕ ಬೋರ್ಡ್‌ಗಳ ಬಳಿ ಸಿಗುತ್ತದೆ. ಶೇ 80ನ್ನು ಕನಿಷ್ಠ ಮಿತಿಯಾಗಿ ಇಟ್ಟುಕೊಂಡ ಬೋರ್ಡ್‌ಗಳು ಹಲವು. ಒಂದು ವರ್ಷದ್ದು ಸಾಲದು, ಮೂರು ವರ್ಷಗಳದ್ದನ್ನು ನೋಡಿ. ಆದರೆ ಈ ಅಂಕಿ ಒಂದೇ ನಂಬಿದರೆ ಮೋಸಹೋಗುತ್ತೀರಿ. 60 ಜನ ಸೇರಿ, ಅರ್ಧಕ್ಕರ್ಧ ಮಂದಿ ನಡುವೆಯೇ ಬಿಟ್ಟು, ಉಳಿದ 30 ಮಂದಿಯಲ್ಲಿ 27 ಜನ ಪಾಸಾದರೂ ಫಲಿತಾಂಶ ಶೇ 90. ಸೇರಿದವರ ಲೆಕ್ಕದಲ್ಲಿ ಅದು ಬರೀ ಶೇ 45. ಆದ್ದರಿಂದ ಸೇರಿದವರಲ್ಲಿ ಎಷ್ಟು ಜನ ಅವಧಿಯೊಳಗೆ ಕೋರ್ಸ್ ಮುಗಿಸುತ್ತಾರೆ ಎಂಬುದನ್ನೂ ಕೇಳಿ ಪಡೆಯಿರಿ.

ಕ್ಲಿನಿಕಲ್ ತರಬೇತಿಯ ಬಗ್ಗೆ ಬಾಯಿಬಿಟ್ಟು ಕೇಳಿ. ಯಾವ ಆಸ್ಪತ್ರೆ, ಎಷ್ಟು ಗಂಟೆ, ಒಬ್ಬ ಬೋಧಕರ ಕೆಳಗೆ ಎಷ್ಟು ವಿದ್ಯಾರ್ಥಿಗಳು? ಗೊಂಬೆಯ ಮೇಲಿನ ಸಿಮ್ಯುಲೇಷನ್ ಎಷ್ಟು, ರೋಗಿಯ ಹಾಸಿಗೆಯ ಬಳಿ ಎಷ್ಟು? 'ನೋಡೋಣ, ವ್ಯವಸ್ಥೆ ಆಗುತ್ತದೆ' ಎಂಬ ಉತ್ತರ ಬಂದರೆ ಆಸ್ಪತ್ರೆಯೊಂದಿಗೆ ಒಪ್ಪಂದ ಇನ್ನೂ ಆಗಿರಲಿಕ್ಕಿಲ್ಲ. ಕ್ಲಿನಿಕಲ್ ಇಲ್ಲದೆಯೇ ಪದವಿ ಕೊಡುತ್ತೇವೆ ಎನ್ನುವವರ ಬಳಿಗಂತೂ ಸುಳಿಯಬೇಡಿ. 2023ರ ಜನವರಿಯಲ್ಲಿ ಫ್ಲೋರಿಡಾದ ಕೆಲವು ಶಾಲೆಗಳ ಹೆಸರಿನಲ್ಲಿ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಪ್ರಮಾಣಪತ್ರಗಳು ಮಾರಾಟವಾಗಿದ್ದು ಬಯಲಾಯಿತು.

ಬೇರೆ ರಾಜ್ಯದ ಆನ್‌ಲೈನ್ ಕೋರ್ಸ್ ಆದರೆ ಇನ್ನೊಂದು ಕೆಲಸವಿದೆ. ನೀವು ಕೆಲಸ ಮಾಡಬೇಕೆಂದಿರುವ ರಾಜ್ಯದ ಬೋರ್ಡ್‌ಗೆ ಕಾಲೇಜು, ಕ್ಯಾಂಪಸ್, ಪದವಿಯ ಹೆಸರು ಬರೆದು, ಇದನ್ನು ಓದಿದರೆ ಲೈಸೆನ್ಸ್‌ಗೆ ಅರ್ಹತೆ ಇದೆಯೇ ಎಂದು ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಲಿಖಿತ ಉತ್ತರ ಕೈಸೇರಿದ ಮೇಲೆಯೇ ಮುಂಗಡ ಶುಲ್ಕ ಕಟ್ಟಿ.