ಏಜೆನ್ಸಿಗೆ ಹೋದರೆ ಕಿರಿಯರ ಪಕ್ಕ ಕೂರಿ

ಲಂಡನ್‌ನಲ್ಲಿ ಪಬ್ಲಿಕ್ ರಿಲೇಷನ್ಸ್ ಎಂ.ಎ. ಓದುವಾಗ ನಮ್ಮ ವಿಭಾಗದವರೇ ಕೆಲವು ಪಿಆರ್ ಏಜೆನ್ಸಿಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಕಾಫಿ, ಬಿಸ್ಕೆಟ್, ದೊಡ್ಡ ಪರದೆಯ ಮೇಲೆ ಪ್ರಶಸ್ತಿ ಬಂದ ಕ್ಯಾಂಪೇನ್‌ಗಳು. ನೋಡೋಕೆ ಚೆನ್ನಾಗಿರುತ್ತಿತ್ತು. ಆದರೆ ಅದೆಲ್ಲ ಅವರ ವೆಬ್‌ಸೈಟಿನಲ್ಲೂ ಸಿಗುತ್ತದೆ. ಕೆಲಸ ಅಂದ್ರೆ ಏನು ಅಂತ ಗೊತ್ತಾಗಿದ್ದು ನಾನೇ ಕೇಳಿಕೊಂಡು ಹೋದ ಭೇಟಿಗಳಲ್ಲಿ. ಅದೂ ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆದವರ ಪಕ್ಕ ಕೂತಾಗ. ಇದೇ ಓದಿಗೆ ಹೊರದೇಶಕ್ಕೆ ಹೊರಟಿರುವವರಿಗೆ ಅನುಕೂಲ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು, ಒಳಗೆ ಹೋಗೋದು ಹೇಗೆ? ಪಿಆರ್ ಉದ್ಯಮದ ಸುದ್ದಿ ಕೊಡುವ ‘ಪಿಆರ್‌ವೀಕ್’ ಓದುತ್ತಿದ್ದೆ. ಯಾವ ಕೆಲಸ ಯಾವ ಏಜೆನ್ಸಿಯದು ಅಂತ ಅದರಲ್ಲಿ ಬರುತ್ತದೆ. ಆಮೇಲೆ ಲಿಂಕ್ಡ್‌ಇನ್‌ನಲ್ಲಿ ಆ ತಂಡದ ಅಕೌಂಟ್ ಎಕ್ಸಿಕ್ಯುಟಿವ್, ಅಂದ್ರೆ ಕ್ಲೈಂಟ್‌ನ ದಿನನಿತ್ಯದ ಕೆಲಸ ನೋಡುವ ಕಿರಿಯ ಉದ್ಯೋಗಿ, ಯಾರು ಅಂತ ಹುಡುಕುತ್ತಿದ್ದೆ. ಡೈರೆಕ್ಟರುಗಳಿಗೆ ಬರೆಯುತ್ತಿರಲಿಲ್ಲ, ಅವರಿಗೆ ಪುರುಸೊತ್ತು ಇರಲ್ಲ. ಮೇಲ್ ಚಿಕ್ಕದು: ನಾನು ಯಾರು, ನಿಮ್ಮ ಯಾವ ಕೆಲಸ ನೋಡಿದೆ, ಅದರಲ್ಲಿ ಏನು ಅರ್ಥ ಆಗಲಿಲ್ಲ, ಅರ್ಧ ಗಂಟೆ ಕೊಡ್ತೀರಾ. ಸಿ.ವಿ. ಲಗತ್ತಿಸುತ್ತಿರಲಿಲ್ಲ. ಸಿ.ವಿ. ಕಂಡರೆ ಮೇಲ್ ಸೀದಾ ಎಚ್.ಆರ್.ಗೆ ಹೋಗುತ್ತದೆ, ಕಥೆ ಅಲ್ಲಿಗೇ ಮುಗಿಯಿತು. ನಿರ್ದಿಷ್ಟವಾದ ಒಂದು ಪ್ರಶ್ನೆ ಇದ್ದರೆ ಉತ್ತರ ಬರುವ ಸಾಧ್ಯತೆ ಜಾಸ್ತಿ. ತಮ್ಮ ಕೆಲಸವನ್ನು ಒಬ್ಬರು ಗಮನ ಇಟ್ಟು ನೋಡಿದ್ದಾರೆ ಅಂದರೆ ಯಾರಿಗಾದರೂ ಖುಷಿಯೇ ಅಲ್ವಾ?

ನನಗೆ ತುಂಬಾ ಕಲಿಸಿದ್ದು ಒಂದು ಫೈನಾನ್ಷಿಯಲ್ ಪಿಆರ್ ಏಜೆನ್ಸಿ, ಅಂದ್ರೆ ಕಂಪನಿಗಳ ಹಣಕಾಸಿನ ಸುದ್ದಿ ನೋಡಿಕೊಳ್ಳುವಂಥದ್ದು. ಲಂಡನ್ ಸ್ಟಾಕ್ ಎಕ್ಸ್‌ಚೇಂಜ್‌ನ ಕಂಪನಿಗಳು ಸಾಮಾನ್ಯವಾಗಿ ಬೆಳಿಗ್ಗೆ 7 ಗಂಟೆಗೆ ಲಾಭ-ನಷ್ಟದ ಫಲಿತಾಂಶ ಪ್ರಕಟಿಸುತ್ತವೆ. ಅದು ಆರ್‌ಎನ್‌ಎಸ್ ಅನ್ನುವ ಅಧಿಕೃತ ಸುದ್ದಿ ಸೇವೆಯಲ್ಲಿ ಬರುತ್ತದೆ. ಮಾರುಕಟ್ಟೆ ತೆರೆಯುವುದು 8ಕ್ಕೆ. ನಡುವಿನ ಆ ಒಂದು ಗಂಟೆಯೇ ಇವರ ದಿನದ ಜೀವಾಳ. ‘7ಕ್ಕೆ ಮೊದಲು ಮಾತ್ರ ಬರಬೇಡ’ ಅಂದಿದ್ದರು. ಪ್ರಕಟ ಆಗದ ಲಾಭ-ನಷ್ಟದ ಅಂಕಿ ಹೊರಗಿನವರ ಕಣ್ಣಿಗೆ ಬೀಳಬಾರದು, ಅದು ಕಾನೂನಿನ ಮಾತು. ನಾನು ಹೋದಾಗ ಸುದ್ದಿ ಹೊರಬಿದ್ದಾಗಿತ್ತು. ಹುಡುಗಿಯೊಬ್ಬಳು ಹೆಡ್‌ಸೆಟ್ ಹಾಕಿಕೊಂಡು ವರದಿಗಾರರ ಪಟ್ಟಿ ಹಿಡಿದು ಒಂದೊಂದೇ ಕರೆ ಮಾಡುತ್ತಿದ್ದಳು. ‘ಪ್ರಕಟಣೆ ಸಿಕ್ತಾ? ಸಿಇಒ ಇಷ್ಟು ಗಂಟೆಗೆ ಮಾತಿಗೆ ಸಿಗ್ತಾರೆ, ಬರ್ತೀರಾ?’ ಅಷ್ಟೇ. ಹೊಗಳಿಕೆ ಇಲ್ಲ, ಸುತ್ತುಬಳಸಿ ಮಾತಿಲ್ಲ.

ಗದ್ದಲ ತಗ್ಗಿದ ಮೇಲೆ ಅವಳು ಹಳೆಯದೊಂದು ಫೈಲ್ ತೋರಿಸಿದಳು, ಹೊತ್ತು ಮೀರಿ ಗುಟ್ಟೇನೂ ಉಳಿಯದಿದ್ದದ್ದು. ಪತ್ರಿಕಾ ಪ್ರಕಟಣೆ ಕೆಲವೇ ಪುಟ. ಅದರ ಜೊತೆಗಿದ್ದ ಪ್ರಶ್ನೋತ್ತರದ ಕಟ್ಟು ಮಾತ್ರ ಅದರ ಎಷ್ಟೋ ಪಟ್ಟು. ಸಂಬಳ ಯಾಕೆ ಏರಿಸಿದಿರಿ, ಕಾರ್ಖಾನೆ ಯಾಕೆ ಮುಚ್ಚಿದಿರಿ, ಹೋದ ವರ್ಷ ಹೇಳಿದ್ದು ಯಾಕೆ ಆಗಲಿಲ್ಲ. ಕೇಳಬಹುದಾದ ಒರಟು ಪ್ರಶ್ನೆಗಳೆಲ್ಲ ಅಲ್ಲಿದ್ದವು, ಪ್ರತಿಯೊಂದರ ಮುಂದೆ ಉತ್ತರ, ಪಕ್ಕದಲ್ಲಿ ವಕೀಲರ ಟಿಪ್ಪಣಿ. ‘ಇದರಲ್ಲಿ ಬಹಳಷ್ಟನ್ನು ಯಾರೂ ಕೇಳಲೇ ಇಲ್ಲ’ ಅಂದಳು. ತರಗತಿಯಲ್ಲಿ ನಾವು ಪ್ರಕಟಣೆ ಬರೆಯೋದನ್ನೇ ತಿದ್ದಿ ತೀಡುತ್ತಿದ್ದೆವು. ಹೆಚ್ಚಿನ ಕೆಲಸ ಇರೋದು ಯಾರೂ ಓದದ ಆ ಕಟ್ಟಿನಲ್ಲಿ ಅಂತ ಅವತ್ತು ಕಣ್ಣಾರೆ ಕಂಡೆ.

ಗ್ರಾಹಕ ವಸ್ತುಗಳ ಪಿಆರ್ ಮಾಡುವ ಕಡೆ ಬೇರೆಯದೇ ಲೋಕ. ಜುಲೈ ತಿಂಗಳ ಸೆಕೆಯಲ್ಲಿ ಒಂದು ಕಚೇರಿಗೆ ಹೋದರೆ ಒಳಗೆ ಕ್ರಿಸ್‌ಮಸ್ ಮರ, ಹಿಮದ ಅಲಂಕಾರ, ಮೇಜಿನ ತುಂಬ ಚಾಕೊಲೇಟು, ಮೇಣದಬತ್ತಿ. ‘ಕ್ರಿಸ್‌ಮಸ್ ಇನ್ ಜುಲೈ’ ಅಂತಲೇ ಇದಕ್ಕೆ ಹೆಸರು. ಮಾಸಪತ್ರಿಕೆಗಳು ಡಿಸೆಂಬರ್ ಸಂಚಿಕೆಯ ಕೆಲಸವನ್ನು ತಿಂಗಳುಗಟ್ಟಲೆ ಮೊದಲೇ ಶುರು ಮಾಡುತ್ತವೆ. ಹಾಗಾಗಿ ಸಂಪಾದಕರನ್ನು ಈಗಲೇ ಕರೆದು ತೋರಿಸಬೇಕು. ಅಲ್ಲಿದ್ದವರ ಗೋಡೆಯಲ್ಲಿ ಎರಡು ಕ್ಯಾಲೆಂಡರ್ ಇತ್ತು: ಒಂದು ಇವತ್ತಿನದು, ಇನ್ನೊಂದು ಪತ್ರಿಕೆಗಳದು. ಯುಗಾದಿ, ದಸರಾ ವಿಶೇಷಾಂಕಗಳಿಗೆ ನಾನೀಗ ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಇದೇ ರೂಢಿ ಇಟ್ಟುಕೊಂಡಿದ್ದೇನೆ.

ಇನ್ನೊಂದು ವಿಷಯ ಇಲ್ಲಿಯವರಿಗೆ ಹೇಳಲೇಬೇಕು. ನಮ್ಮಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂದರೆ ಫೋಟೊ ತೆಗೆದು ಕ್ಲೈಂಟ್‌ಗೆ ವಾಟ್ಸ್ಆ್ಯಪ್ ಮಾಡಿಬಿಡುತ್ತೇವೆ. ಬ್ರಿಟನ್‌ನಲ್ಲಿ ಏಜೆನ್ಸಿಗಳು ಪತ್ರಿಕೆಯ ತುಣುಕನ್ನು ಸ್ಕ್ಯಾನ್ ಮಾಡಿ ಹಂಚಬೇಕಾದರೂ ಪತ್ರಿಕೆಗಳ ಪರವಾಗಿ ಹಕ್ಕು ನೋಡಿಕೊಳ್ಳುವ ಎನ್‌ಎಲ್‌ಎ ಅನ್ನುವ ಸಂಸ್ಥೆಯಿಂದ ಲೈಸೆನ್ಸ್ ಬೇಕು. ವರದಿಗೂ ಒಡೆಯರಿದ್ದಾರೆ ಅನ್ನೋದು ಅಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದವರಿಗೂ ಗೊತ್ತು. ಹಾಗೆಯೇ, ಬಂದ ಸುದ್ದಿಯ ಜಾಗಕ್ಕೆ ಜಾಹೀರಾತಿನ ದರ ಗುಣಿಸಿ ‘ಇಷ್ಟು ಲಕ್ಷದ ಪ್ರಚಾರ’ ಅನ್ನುವ ಲೆಕ್ಕ. ಪಿಆರ್ ಕೆಲಸವನ್ನು ಅಳೆಯೋದು ಹೇಗೆ ಅಂತ ಉದ್ಯಮದವರೇ ಒಪ್ಪಿಕೊಂಡ 2010ರ ಬಾರ್ಸಿಲೋನಾ ತತ್ವಗಳು ಅದನ್ನು ಒಪ್ಪುವುದಿಲ್ಲ. ಇಲ್ಲಿ ಕೆಲವು ಕ್ಲೈಂಟ್‌ಗಳು ಈಗಲೂ ಅದನ್ನೇ ಕೇಳುತ್ತಾರೆ. ನಾನು ಕೊಡುವುದಿಲ್ಲ. ಸುದ್ದಿ ಓದಿದವರು ಆಮೇಲೆ ಏನು ಮಾಡಿದರು, ಆಸ್ಪತ್ರೆಗೆ ಕರೆ ಹೆಚ್ಚಾಯಿತಾ, ಮೇಳಕ್ಕೆ ಜನ ಬಂದರಾ, ಅದನ್ನು ತೋರಿಸುತ್ತೇನೆ.

ಎಲ್ಲ ಭೇಟಿಯಲ್ಲೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆ: ‘ಯಾವ ಕ್ಲೈಂಟ್ ಬಂದರೆ ಬೇಡ ಅಂತೀರಿ?’ ಇದನ್ನು ಕೇಳೋಕೆ ಕಾರಣ ಬೆಲ್ ಪಾಟಿಂಜರ್ ಅನ್ನುವ ಪಿಆರ್ ಏಜೆನ್ಸಿ. ದಕ್ಷಿಣ ಆಫ್ರಿಕಾದಲ್ಲಿ ಭಾರತ ಮೂಲದ ಉದ್ಯಮಿಗಳಾದ ಗುಪ್ತಾ ಕುಟುಂಬದ ಓಕ್‌ಬೇ ಕಂಪನಿಗಾಗಿ ಅದು ಮಾಡಿದ ಪ್ರಚಾರ ಜನಾಂಗಗಳ ನಡುವೆ ದ್ವೇಷ ಕೆರಳಿಸುವಂತಿತ್ತು ಅಂತ ಉದ್ಯಮದ ಸಂಘ ಪಿಆರ್‌ಸಿಎ 2017ರ ಸೆಪ್ಟೆಂಬರ್‌ನಲ್ಲಿ ಅದನ್ನು ಹೊರಹಾಕಿತು. ಲಂಡನ್‌ನ ಅಷ್ಟು ಹೆಸರುವಾಸಿ ಏಜೆನ್ಸಿ ಅದೇ ತಿಂಗಳು ಕುಸಿದುಬಿತ್ತು. ಗುಪ್ತಾ ಸೋದರರು ಉತ್ತರ ಪ್ರದೇಶದ ಸಹಾರನ್‌ಪುರದವರು, ಹಾಗಾಗಿ ಭಾರತದ ಹುಡುಗ ಈ ಪ್ರಶ್ನೆ ಕೇಳಿದರೆ ಎದುರಿನವರು ಸ್ವಲ್ಪ ನೇರ ಕೂರುತ್ತಿದ್ದರು. ಮೇಲಿನವರ ಉತ್ತರ ನುಣುಪಾಗಿರುತ್ತಿತ್ತು. ಕಿರಿಯರು ಯೋಚಿಸಿ ಹೇಳುತ್ತಿದ್ದರು. ತಂಬಾಕು ಕಂಪನಿಯ ಕೆಲಸ ಒಲ್ಲೆ ಅಂದಿದ್ದಕ್ಕೆ ತನ್ನ ಮ್ಯಾನೇಜರ್ ಏನೂ ಅನ್ನಲಿಲ್ಲ ಅಂತ ಒಬ್ಬ ಹೇಳಿದ. ಅಂಥ ಜಾಗದಲ್ಲಿ ಕೆಲಸ ಮಾಡಬೇಕು ಅನ್ನಿಸಿತು.

ಅವರೂ ನನ್ನನ್ನು ಕೇಳುತ್ತಿದ್ದರು. ಭಾರತದಲ್ಲಿ ಇಂಗ್ಲಿಷ್ ಪತ್ರಿಕೆಗೆ ಕಳಿಸಿದರೆ ಸಾಕಲ್ಲ ಅಂತ. ಸಾಲದು, ದಾವಣಗೆರೆಯಲ್ಲೋ ಕಲಬುರಗಿಯಲ್ಲೋ ಓದುವವರಿಗೆ ತಲುಪಬೇಕಾದರೆ ಪ್ರಜಾವಾಣಿ, ವಿಜಯ ಕರ್ನಾಟಕ ಬೇಕು, ಇಂಗ್ಲಿಷ್ ಪ್ರಕಟಣೆಯನ್ನು ಸುಮ್ನೆ ಅನುವಾದಿಸಿ ಕಳಿಸಿದರೆ ಡೆಸ್ಕಿನವರು ಪಕ್ಕಕ್ಕಿಡುತ್ತಾರೆ ಅಂತ ವಿವರಿಸುತ್ತಿದ್ದೆ. ಆಗ ನೋಟ್‌ಬುಕ್ ತೆಗೆಯುತ್ತಿದ್ದದ್ದು ಅವರು. ಬರೀ ಕೇಳೋಕೆ ಹೋಗಬೇಡಿ, ಕೊಡೋಕೂ ಏನಾದರೂ ಇಟ್ಟುಕೊಳ್ಳಿ.

ಸಣ್ಣಪುಟ್ಟದ್ದು: ಫೋನ್ ಚೀಲದಲ್ಲೇ ಇರಲಿ. ಪರದೆ ಮೇಲೆ ಕಂಡದ್ದನ್ನು ಬರೆದುಕೊಳ್ಳುವ ಮೊದಲು ಕೇಳಿ. ಅದೇ ದಿನ ಧನ್ಯವಾದ ಬರೆಯಿರಿ, ಅವರು ಹೇಳಿದ್ದರಲ್ಲಿ ಯಾವುದು ಉಪಯೋಗ ಆಯಿತು ಅಂತ ಹೆಸರಿಸಿ. ಹೊರಡುವಾಗ ‘ಇನ್ನು ಯಾರನ್ನು ಕಾಣಲಿ?’ ಅಂತ ಕೇಳಿ. ನನ್ನ ಭೇಟಿಗಳಲ್ಲಿ ಹೆಚ್ಚಿನವು ಆ ಒಂದು ಪ್ರಶ್ನೆಯಿಂದಲೇ ಸಿಕ್ಕವು.