ಕ್ಯಾಮೆರಾ ಆಮೇಲೆ, ಮೊದಲು ಹಿತ್ತಲ ಬಾಗಿಲು ನೋಡಿ

ಕಾರವಾರದ ಸದಾಶಿವಗಡದ ಹತ್ತಿರ ನನ್ನ ತಂಗಿಯ ಮಗ ಹೊಸ ಮನೆ ಕಟ್ಟಿಸಿದ್ದಾನೆ. ಒಕ್ಕಲಿನ ದಿನ ಊಟ ಮುಗಿಯುತ್ತಿದ್ದಂತೆ ನನ್ನನ್ನು ಕರೆದುಕೊಂಡು ಹೋಗಿ ನಾಲ್ಕು ಕ್ಯಾಮೆರಾ ತೋರಿಸಿದ. "ದೊಡ್ಡಮ್ಮಾ, ಮೊಬೈಲಿನಲ್ಲೇ ಅಂಗಳ ಕಾಣ್ತದೆ ನೋಡಿ" ಅಂದ. ಚೆನ್ನಾಗಿದೆ ಅಂದೆ. ಆಮೇಲೆ ಹಿತ್ತಲಿಗೆ ಹೋಗಿ ಅಲ್ಲಿನ ಬಾಗಿಲನ್ನು ಬೆರಳಲ್ಲಿ ತಟ್ಟಿದೆ. ಒಳಗೆಲ್ಲ ಟೊಳ್ಳು! ಮುಂದೆ ಕೆತ್ತನೆ ಮಾಡಿದ ಸಾಗವಾನಿ, ಹಿಂದೆ ಬಚ್ಚಲಿಗೆ ಹಾಕುವಂಥ ಬಾಗಿಲು, ಅದಕ್ಕೊಂದು ಕಿರುಬೆರಳಿನಷ್ಟು ಚಿಲಕ. ಕಳ್ಳ ಬಂದರೆ ಮುಂದೆ ನಿಂತು ಕೆತ್ತನೆ ನೋಡ್ತಾನಾ?

ಹಿತ್ತಲ ಬಾಗಿಲಿಗೂ ಗಟ್ಟಿ ಮರವೇ ಬೇಕು. ಹಲಸು ಆದರೂ ಸಾಕು. ಒಳಗಿಂದ ಮೇಲೊಂದು, ಕೆಳಗೊಂದು ಚಿಲಕ, ನಡುವೆ ಅಡ್ಡಪಟ್ಟಿ. ಸ್ಕ್ರೂ ಉದ್ದದ್ದೇ ಇರಲಿ. ಗಿಡ್ಡ ಸ್ಕ್ರೂ ಹಾಕಿದರೆ ಚಿಲಕ ಎಷ್ಟು ದಪ್ಪ ಇದ್ದರೂ ಒಂದೇ ಒದೆತಕ್ಕೆ ಕಿತ್ತು ಬರುತ್ತದೆ. ಇನ್ನೊಂದು ವಿಷಯ, ಮನೆ ಕಟ್ಟುವಾಗ ಬೀಗದಕೈ ಬಡಗಿ, ಪೇಂಟರು, ಟೈಲ್ಸಿನವರು ಅಂತ ಎಷ್ಟು ಕೈ ದಾಟಿರುತ್ತದೋ ಯಾರಿಗೆ ಗೊತ್ತು? ಯಾರ ಮೇಲೂ ಅನುಮಾನ ಪಡಬೇಡಿ, ಸುಮ್ನೆ ಬೀಗ ಬದಲಾಯಿಸಿ.

ಕಾರವಾರದಲ್ಲಿ ಕಳ್ಳನಿಗಿಂತ ನನಗೆ ಉಪ್ಪುಗಾಳಿಯದ್ದೇ ಹೆದರಿಕೆ. ನಮ್ಮ ಪಡುವಣ ಕಿಟಕಿಯ ಗ್ರಿಲ್ ನೋಡಲು ಚೆಂದವೇ ಇತ್ತು, ಹಸಿರು ಬಣ್ಣ ಹೊಳೀತಿತ್ತು. ಒಂದು ದಿನ ಒರೆಸುವಾಗ ಬುಡದಲ್ಲಿ ಅಕ್ಕಿಕಾಳಿನಷ್ಟು ಗುಳ್ಳೆ ಕಂಡಿತು. ಉಗುರಲ್ಲಿ ಒತ್ತಿದೆ. ಬಣ್ಣದ ಹೊಪ್ಪಳೆ ಎದ್ದು ಕೆಂಪು ಪುಡಿ ಉದುರಿತು. ಸರಳು ಹಿಡಿದು ಅಲ್ಲಾಡಿಸಿದರೆ ಕೈಗೇ ಬಂತು! ಎಷ್ಟು ವರ್ಷ ಅದರ ಹಿಂದೆ ನಿಶ್ಚಿಂತೆಯಿಂದ ಮಲಗಿದ್ದೆವೋ. ಅದಕ್ಕೇ ಮಳೆಗಾಲ ಮುಗಿದ ಕೂಡಲೇ ಗ್ರಿಲ್ಲಿನ ಬುಡ, ಗೇಟಿನ ಕೊಂಡಿ, ಬಿಜಾಗರಿ ಎಲ್ಲವನ್ನೂ ಮುಟ್ಟಿ ನೋಡಿ. ಕಣ್ಣಿಗೆ ತುಕ್ಕು ಕಾಣುವುದು ತಡವಾಗಿ. ಹೊಸದಾಗಿ ಹಾಕಿಸುವವರು ಸ್ಟೀಲಿನಲ್ಲಿ 316 ನಂಬರಿನದು ಕೇಳಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು 304, ಅದು ಕಡಲ ಹತ್ತಿರ ಕಂದು ಕಲೆ ಹಿಡಿಯುತ್ತದೆ. ಕಡಲಿಂದ ದೂರ ಇರುವ ಶಿರಸಿ ಕಡೆಯವರಿಗೆ 304 ಸಾಕು, ದುಡ್ಡು ಉಳಿಸಿ. ಬೀಗ ಹಿತ್ತಾಳೆಯದಿರಲಿ. ಅದಕ್ಕೆ ತೆಂಗಿನೆಣ್ಣೆ ಬಿಡಬೇಡಿ, ಧೂಳು ಕೂತು ಅಂಟಾಗುತ್ತದೆ. ಪೆನ್ಸಿಲಿನ ಒಳಗಿನ ಕಪ್ಪು ಕಡ್ಡಿಯ ಪುಡಿ ಹಾಕಿ ಎರಡು ಸಲ ತಿರುಗಿಸಿ.

ಗ್ರಿಲ್ ಗಟ್ಟಿಯಾಗಿರಬೇಕು ನಿಜ. ಆದರೆ ಎಲ್ಲ ಕಿಟಕಿಗೂ ಬಿಗಿದು ಬೆಸುಗೆ ಹಾಕಿಸಿಬಿಟ್ಟರೆ, ಅಡುಗೆಮನೆಯಲ್ಲಿ ಬೆಂಕಿ ಬಿದ್ದ ದಿನ ಮಲಗುವ ಕೋಣೆಯವರು ಎಲ್ಲಿಂದ ಹೊರಬರಬೇಕು? ಕೋಣೆಗೊಂದು ಗ್ರಿಲ್ ಒಳಗಿಂದ ತೆರೆಯುವಂತಿರಲಿ. ಅದರ ಕೀಲಿ ಮನೆಯ ಮಕ್ಕಳಿಗೂ ಗೊತ್ತಿರುವ ಮೊಳೆಗೆ ನೇತು ಹಾಕಿ. ಹೊರಗಿಂದ ಕೈ ಹಾಕಿದರೆ ಮಾತ್ರ ಎಟಕಬಾರದು.

ಗ್ಯಾಸಿನ ವಿಷಯ ಎಲ್ಲರಿಗೂ ಗೊತ್ತಿದೆ ಅಂದುಕೊಳ್ಳುತ್ತೇವೆ, ಆದರೂ ವಾಸನೆ ಬಂದ ಕೂಡಲೇ ಕೈ ಮೊದಲು ಹೋಗುವುದು ಲೈಟಿನ ಸ್ವಿಚ್ಚಿಗೆ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಈ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಕಡೆ ಗೋಡೆಯ ಕೆಳಗೂ ಒಂದು ಕಿಂಡಿ ಬೇಕು. ಕಿಂಡಿಗೆ ಸಣ್ಣ ಕಣ್ಣಿನ ಜಾಳಿ ಹೊಡೆಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಹಾವು ಬೆಚ್ಚಗೆ ಒಳಗೆ ಬಂದು ಕೂರುತ್ತದೆ. ಬಚ್ಚಲ ಕೊಳವೆಗೂ ಅಷ್ಟೇ.

ಕರೆಂಟಿನ ಪೆಟ್ಟಿಗೆ ತೆರೆದು ನೋಡಿದರೆ ತಂಗಿಯ ಮಗ ಅಲ್ಲಿಯೂ ಉಳಿತಾಯ ಮಾಡಿದ್ದ. ಎಂಸಿಬಿ ಮಾತ್ರ ಇತ್ತು. ಅದು ವೈರು ಸುಡದಂತೆ ಕಾಯುತ್ತದೆ. ನಿಮಗೆ ಶಾಕ್ ಹೊಡೆದಾಗ ಕ್ಷಣದಲ್ಲಿ ಕರೆಂಟು ಕಡಿಯುವುದು ಆರ್‌ಸಿಸಿಬಿ, 30 ಮಿಲಿ ಆಂಪಿಯರಿನದು. ಒದ್ದೆ ಕೈ, ಗೀಸರು, ತಿಂಗಳುಗಟ್ಟಲೆ ಮಳೆ ಇರುವ ನಮ್ಮ ಊರಲ್ಲಿ ಇದಿಲ್ಲದೆ ಇರಲೇಬಾರದು. ಅದರ ಮೇಲೊಂದು ಟೆಸ್ಟ್ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಟಕ್ ಅಂತ ಬಿದ್ದರೆ ಸರಿ ಇದೆ. ಬೀಳದಿದ್ದರೆ ಅವತ್ತೇ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಗುಂಡಿ ಎಲ್ಲಿ ಅಂತ ಕೇಳಿದೆ. ತುಳಸಿಕಟ್ಟೆಯ ಹಿಂದೆ ತೋರಿಸಿದ, ಮೇಲೆ ಸಿಮೆಂಟು ಬಳಿದು ಮುಚ್ಚಿಬಿಟ್ಟಿದ್ದರು. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಗುಡುಗು ಸಿಡಿಲು ಶುರುವಾಗುವುದೂ ಏಪ್ರಿಲ್, ಮೇ ಹೊತ್ತಿಗೇ ಅಲ್ವಾ. ಮರುದಿನವೇ ಸಿಮೆಂಟು ಒಡೆಸಿ ಅಲ್ಲೊಂದು ಮುಚ್ಚಳ ಕೂರಿಸಿದ್ದಾನಂತೆ. ತುಳಸಿಗೆ ನೀರು ಹಾಕುವಾಗ ಗುಂಡಿಗೂ ಒಂದು ಕೊಡ ಹಾಕು ಅಂತ ಅವನ ಹೆಂಡತಿಗೆ ಹೇಳಿ ಬಂದಿದ್ದೇನೆ.