ಪೆಟ್ರೋಮ್ಯಾಕ್ಸ್ ಮ್ಯಾಂಟಲ್‌ನಿಂದ ಬೆಕೆರೆಲ್ ಪ್ರಯೋಗ: ನನ್ನ ಅನುಭವ

ಯಂತ್ರವಿಲ್ಲದೆ ಎಕ್ಸ್‌ರೇ ಫಿಲ್ಮ್ ಕಪ್ಪಾಗುವುದಿಲ್ಲ ಎಂದು ಪಣ ಕಟ್ಟಿದ ಸಹೋದ್ಯೋಗಿಗಳಿದ್ದರು. ಈಗ ಆ ಫಿಲ್ಮಿಗೆ ಚೌಕಟ್ಟು ಹಾಕಿಸಿ ಸ್ಟಾಫ್ ರೂಮಿನ ಗೋಡೆಗೇ ತೂಗುಹಾಕಿದ್ದೇನೆ.

1896ರಲ್ಲಿ ಫ್ರೆಂಚ್ ವಿಜ್ಞಾನಿ ಬೆಕೆರೆಲ್ ಮುಚ್ಚಿಟ್ಟ ಫೋಟೋ ಫಲಕ ಕಪ್ಪಾದದ್ದನ್ನು ನೋಡಿ ವಿಕಿರಣವನ್ನು ಕಂಡುಕೊಂಡಾಗ ಬಳಸಿದ್ದು ಯುರೇನಿಯಂ ಲವಣ. ಅದು ನಮಗೆ ಸಿಗುವುದಿಲ್ಲ, ಸಿಕ್ಕರೂ ಬೇಡ. ಹಳೆಯ ಪೆಟ್ರೋಮ್ಯಾಕ್ಸ್ ಮ್ಯಾಂಟಲ್‌ನಲ್ಲಿ, ಅಂದರೆ ದೀಪದಲ್ಲಿ ಬೆಳಗುವ ಬಲೆಯಂಥ ಬಟ್ಟೆಯಲ್ಲಿ, ಇರುವ ಥೋರಿಯಂ ಸಾಕು. ಅದೂ ವಿಕಿರಣ ಸೂಸುತ್ತದೆಂದು 1898ರಲ್ಲಿ ಷ್ಮಿಟ್ ಮತ್ತು ಮೇರಿ ಕ್ಯೂರಿ ಬೇರೆ ಬೇರೆಯಾಗಿ ಕಂಡುಕೊಂಡರು.

ದುಡ್ಡು ಹಾಳಾದದ್ದು ಇಲ್ಲೇ. ಹೊಸ ಮ್ಯಾಂಟಲ್‌ಗಳನ್ನು ಡಜನ್‌ಗಟ್ಟಲೆ ತಂದೆ. ವಾರಗಟ್ಟಲೆ ಇಟ್ಟು ತೊಳೆದರೂ ಫಿಲ್ಮ್ ಖಾಲಿ. ಈಗಿನವುಗಳಲ್ಲಿ ಹೆಚ್ಚಿನವಕ್ಕೆ ಥೋರಿಯಂ ಬದಲು ಇಟ್ರಿಯಂ ಹಾಕುತ್ತಾರೆ. ಕೊನೆಗೆ ಮೂರು ಸಾವಿರದ ಆಸುಪಾಸಿನಲ್ಲಿ ವಿಕಿರಣ ಪತ್ತೆಹಚ್ಚುವ ಗೈಗರ್ ಕೌಂಟರ್ ಕಿಟ್ ಕೊಂಡು, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿಗಳನ್ನು ಸುತ್ತಿದೆ. ಒಂದು ಅಂಗಡಿಯ ಅಟ್ಟದಲ್ಲಿ ಅದು ಕಟಕಟ ಎಂದಿತು. ಯಾವ ಊರು ಎಂದು ಕೇಳಬೇಡಿ, ಅಲ್ಲಿ ಇನ್ನೂ ಒಂದಷ್ಟು ಉಳಿದಿವೆ.

ಹಲ್ಲಿನ ಎಕ್ಸ್‌ರೇ ಫಿಲ್ಮ್‌ನ ಪುಟ್ಟ ಪೊಟ್ಟಣವೇ ಒಳ್ಳೆಯದು, ಬೆಳಕಿನ ಭಯವಿಲ್ಲ. ಹಿಂಬದಿಯಲ್ಲಿ ಸೀಸದ ಹಾಳೆ ಇರುವುದರಿಂದ ಮ್ಯಾಂಟಲ್ ಮುಂಬದಿಗೇ ಇರಬೇಕು. ನಡುವೆ ಪೆಟ್ಟಿಗೆಯ ಬೀಗದ ಕೈ ಇಟ್ಟು, ಮೇಲೆ ಭಾರ ಹೇರಿ, ಹದಿನೈದು ಇಪ್ಪತ್ತು ದಿನ ಬಿಟ್ಟೆ. ಬೇಸಿಗೆಯಲ್ಲಿ ಇಟ್ಟವೆಲ್ಲ ಮಂಜು ಕವಿದಂತಾದವು. ಫಿಲ್ಮ್ ತೊಳೆಯುವ ಡೆವಲಪರ್ ದ್ರಾವಣ ತೀರಾ ಬೆಚ್ಚಗಾದರೆ ಕೆಲಸ ಕೆಟ್ಟಿತು. ಮಳೆಗಾಲದಲ್ಲಿ ಬೀಗದ ಕೈ ಬಿಳಿಯಾಗಿ, ಸುತ್ತಲೂ ಕಪ್ಪಾಗಿ ಮೂಡಿತು. ಒತ್ತಡದ ಗೀರು ಬೀಳದಂತೆ ಭಾರ ಹೇರುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಆಮೇಲೆ ಕತ್ತಲಕೋಣೆಯಲ್ಲಿ ಪೊಟ್ಟಣ ಬಿಚ್ಚಿ ಬರಿಯ ಫಿಲ್ಮಿನ ಮೇಲೆಯೇ ಮ್ಯಾಂಟಲ್ ಇಟ್ಟೆ. ನಾಲ್ಕೈದು ದಿನಕ್ಕೇ ನೇಯ್ಗೆಯ ಎಳೆ ಎಳೆಯೂ ಬಂತು. ಹೊದಿಕೆ ತಡೆಯುತ್ತಿದ್ದ ಆಲ್ಫಾ, ಅಂದರೆ ಕಾಗದವನ್ನೂ ದಾಟಲಾರದ ವಿಕಿರಣ ಕಣ, ಈಗ ಫಿಲ್ಮಿಗೆ ತಲುಪಿತ್ತು. 1899ರಲ್ಲಿ ರುದರ್‌ಫರ್ಡ್ ತೆಳು ಲೋಹದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಆಲ್ಫಾವನ್ನೂ ಅದಕ್ಕಿಂತ ಆಳಕ್ಕೆ ನುಗ್ಗುವ ಬೀಟಾವನ್ನೂ ಬೇರೆ ಮಾಡಿದ್ದು ಇದೇ ಗುಣದಿಂದ.

ಅಲ್ಪಸ್ವಲ್ಪ ವಿಕಿರಣವಿರುವ ಗ್ರಾನೈಟ್ ಚೂರು, ಪೊಟ್ಯಾಷ್ ಗೊಬ್ಬರ ಎಲ್ಲವನ್ನೂ ಇಟ್ಟು ನೋಡಿದೆ. ಫಿಲ್ಮಿನ ಮೇಲೆ ಏನೂ ಇಲ್ಲ. ಮಿಠಾಯಿಗೆ ಅಂಟಿಸುವ ಬೆಳ್ಳಿ ರೇಕನ್ನು ಮ್ಯಾಂಟಲ್‌ಗೂ ಫಿಲ್ಮಿಗೂ ನಡುವೆ ಹಿಡಿದರೆ ಚಿತ್ರ ಸ್ವಲ್ಪವೂ ಮಸುಕಾಗಲಿಲ್ಲ. ಪರಮಾಣು ಟೊಳ್ಳು ಎಂದು ಇದನ್ನೇ ತೋರಿಸಿ ಮಕ್ಕಳಿಗೆ ಹೇಳುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಕಣಗಳು ಹಾದುಹೋಗುವುದು, ಧನ ವಿದ್ಯುದಂಶ ಪರಮಾಣುವಿನ ತುಂಬ ಹರಡಿದೆ ಎನ್ನುವ ಥಾಮ್ಸನ್‌ರ 1904ರ ಮಾದರಿಗೂ ಸರಿಹೊಂದುತ್ತದೆ. ಅದನ್ನು ಮುರಿದದ್ದು 1909ರಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ಕಂಡ, ಲೋಹದ ಹಾಳೆಗೆ ಬಡಿದು ಸುಮಾರು ಎಂಟು ಸಾವಿರಕ್ಕೊಂದರಂತೆ ಹಿಂದಕ್ಕೆ ಪುಟಿದ ಆಲ್ಫಾ ಕಣ. ಅದನ್ನು ಹಿಡಿಯಲು ಫಿಲ್ಮ್ ಸಾಲದು. ಅವರು ಕತ್ತಲಲ್ಲಿ ಕುಳಿತು ಸತುವಿನ ಸಲ್ಫೈಡ್ ಪರದೆಯ ಮಿನುಗುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದ್ದರು. ನನ್ನ ಮುಂದಿನ ಖರ್ಚು ಆ ಪರದೆಗೆ.

ಮಾಡಿ ನೋಡುವವರು ಮ್ಯಾಂಟಲ್ ಉರಿಸಬೇಡಿ. ಪುಡಿಯಾದರೆ ಉಸಿರಿನಲ್ಲಿ ಒಳಹೋಗುತ್ತದೆ. ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಫಿಲ್ಮ್ ಮಾತ್ರ ಕೊಡಿ.